ಚಿತ್ರಲಿಂಗಪ್ಪನೂ ಸ್ಟೀರಿಂಗಿನ ಕೊರಳೂ

ಚಿತ್ರಲಿಂಗಪ್ಪ ಕಾರಿನ ಬಾನೆಟ್ಟು ತೆರೆಯುವುದಕ್ಕೆ ಮೊದಲು ಕಾರಿನವನ ಬಾಯಿ ತೆರೆಸುತ್ತಾನೆ. ಗಾಡಿ ತಂದವರು ಇಂಜಿನ್ನು ಆರಿಸಿ, ಕೆಳಗಿಳಿದು, ಇಲ್ಲೇನೋ ಸದ್ದು ಬರುತ್ತದೆಂದು ಬೆರಳು ಚಾಚುವಷ್ಟರಲ್ಲಿ ಅವನು ಕೈಯೆತ್ತಿ ತಡೆದು, ಬೇವಿನ ಮರದ ಕೆಳಗಿನ ಕಲ್ಲುಬೆಂಚನ್ನು ತೋರಿಸಿ, "ಮೊದ್ಲು ಕುಂತ್ಕಳ್ರಿ, ಗಾಡಿ ಎಲ್ಲಿಗೂ ಓಡೋಗಲ್ಲ" ಅನ್ನುತ್ತಾನೆ. ಆಮೇಲೆ ವಿಚಾರಣೆ. ಸದ್ದು ಮೊದಲು ಕೇಳಿದ ದಿನ ಎಲ್ಲಿಗೆ ಹೊರಟಿದ್ದಿರಿ, ಪಕ್ಕದಲ್ಲಿ ಯಾರಿದ್ದರು, ಹಿಂದಿನ ಸೀಟಿಗೆ ಏನು ಹೇರಿದ್ದಿರಿ, ದಾರಿಯಲ್ಲಿ ಹೆಂಡತಿಯ ಸಂಗಡ ಜಗಳವಾಯಿತೇ, ಆಗಿದ್ದರೆ ಯಾವ ಊರಿನ ಹತ್ತಿರ ಆಯಿತು, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಪ್ರಶ್ನೆಗಳ ಸರಮಾಲೆ. ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತದೆಂದು ಹೋದ ನನ್ನನ್ನು ಒಮ್ಮೆ, ಹಿಂದಿನ ದಿನ ಯಾರ ಮದುವೆಗೆ ಹೋಗಿದ್ದೆ, ಊಟಕ್ಕೇನಿತ್ತು ಎಂದು ಕೇಳಿದ. ಹೋಳಿಗೆ ಎಂದೆ. "ಹಂಗಾದ್ರೆ ನಿದ್ದೆಗಣ್ಣಾಗೆ ಹ್ಯಾಂಡ್ ಬ್ರೇಕ್ ಎಳ್ಕಂಡೇ ಓಡ್ಸೀರಿ, ಹೋಗ್ರಿ ಮನೆಗೆ" ಎಂದ. ಹಾಗೇ ಆಗಿತ್ತು.

ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ, ಮನೆಗಳು ಮುಗಿದು ಬಂಡೆಗಳು ಶುರುವಾಗುವ ತಿರುವಿನಲ್ಲಿ ಅವನ ಅಂಗಡಿ. ನಾನು ಊರಿನ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು; ನನ್ನ ಮುದಿ ಕಾರು ನನ್ನ ಮನೆಯ ಮುಂದೆ ನಿಂತದ್ದಕ್ಕಿಂತ ಅವನ ಅಂಗಳದಲ್ಲಿ ನಿಂತದ್ದೇ ಹೆಚ್ಚು. ಇಬ್ಬರೂ ಒಂದೇ ವಾರಿಗೆಯವರಾದ್ದರಿಂದ ಬರೆಯುವಾಗ ಅವನಿಗೆ ಬಹುವಚನ ಹಾಕಲು ಕೈ ಬರುವುದಿಲ್ಲ. ಅವನು ಮಾತ್ರ 'ಮೇಷ್ಟ್ರೇ' ಎಂದು ನನ್ನನ್ನು ಬಹುವಚನದಲ್ಲೇ ಚುಚ್ಚುತ್ತಾನೆ.

ಅವನ ಮೈಮೇಲೆ ಬೇಸಿಗೆಯಲ್ಲೂ ಒಂದು ಕಪ್ಪು ಕೋಟು. ಹೊಸದುರ್ಗದ ದರ್ಜಿಯೊಬ್ಬನಿಗೆ ಯಾರೋ ವಕೀಲರು ಹೊಲಿಯಲು ಕೊಟ್ಟು, ಮರಳಿ ಬಾರದೆ, ಕೊನೆಗೆ ದರ್ಜಿಯ ಸ್ಕೂಟರಿನ ದುರಸ್ತಿಗೆ ಬದಲಾಗಿ ಇವನ ಹೆಗಲೇರಿದ್ದು ಅದು. ಒಳಗೆ ಬನಿಯನ್ನು, ಕೆಳಗೆ ಗ್ರೀಸು ಕುಡಿದ ಪ್ಯಾಂಟು, ಮೇಲೆ ನ್ಯಾಯಾಲಯದ ಗಾಂಭೀರ್ಯ. ಎದೆಯ ಜೇಬಿನಲ್ಲಿ ಟೆಸ್ಟರು ಮತ್ತು ಸ್ಕ್ರೂಡ್ರೈವರುಗಳು, ಬಗಲ ಜೇಬಿನಲ್ಲಿ ವಿಭೂತಿಯ ಸಣ್ಣ ಡಬ್ಬಿ. ನಡೆಯುವಾಗ ಎಡಗಾಲಿನ ಮೇಲೆ ಒಂದು ಕ್ಷಣ ಹೆಚ್ಚು ನಿಂತು, ಬಲಗಿವಿಯನ್ನು ಮುಂದಕ್ಕೆ ಕೊಟ್ಟು, ಏನನ್ನೋ ಆಲಿಸುತ್ತ ಹೋಗುವವನಂತೆ ಹೋಗುತ್ತಾನೆ. ಯಾರಾದರೂ ಅವಸರಪಡಿಸಿದರೆ ಅವನ ಉತ್ತರ ಯಾವಾಗಲೂ ಒಂದೇ: "ತಡೀರಿ, ಅದು ಹೇಳ್ಲಿ." ಅದು ಎಂದರೆ ಗಾಡಿ.

ವಿನಯವೆಂಬುದನ್ನು ಅವನ ಜಾತಕ ಬರೆದವರು ಮರೆತೇಬಿಟ್ಟಿದ್ದಾರೆ. ನೋಡಲು ನಾಲ್ಕು ಜನ ನಿಲ್ಲದೆ ಅವನ ಕೈಗೆ ಪಾನಾ ಹಿಡಿಯುವ ಹುಮ್ಮಸ್ಸೇ ಬರುವುದಿಲ್ಲ. "ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಕು ತಾಲ್ಲೂಕಿನಾಗೆ ಚಿತ್ರಲಿಂಗಪ್ಪ ಮುಟ್ಟಿದ ಗಾಡಿ ಅದೇ ಕಾಯಿಲೆಗೆ ತಿರುಗಿ ಬಂದಿದ್ರೆ ತೋರ್ಸಿ" ಎಂದು ಅವನು ಕೋಟಿನ ಅಂಚು ಎಳೆದುಕೊಳ್ಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಮಧ್ಯಾಹ್ನದ ಬುತ್ತಿ ತರುವ ಅವನ ಹೆಂಡತಿ ಬೋರಕ್ಕ ಒಮ್ಮೆ ನನ್ನ ಕಾರಿನ ಕಡೆ ಕೈ ಮಾಡಿ, "ಇದು ಮೂರೊತ್ತೂ ಇಲ್ಲೇ ಬಿದ್ದಿರ್ತೈತಲ್ಲ, ಇದು ಯಾವ ಲೆಕ್ಕ?" ಎಂದು ಕೇಳಿದಳು. "ಅದು ಗಾಡಿ ಅಲ್ಲ ಕಣೇ, ನೆಂಟ್ರು" ಎಂದು ಅವನು ಜೋಳದ ರೊಟ್ಟಿ ಮುರಿದ.

ಕೆಲಸ ಮುಗಿದ ಮೇಲಿನ ಅವನ ಶಾಸ್ತ್ರವೂ ಪ್ರಸಿದ್ಧವೇ. ನಲ್ಲಿಯಲ್ಲಿ ಕೈತೊಳೆದು, ಒರೆಸಿ, ಡಬ್ಬಿ ತೆಗೆದು, ಮೂರು ಬೆರಳ ತುಂಬ ಒಣ ವಿಭೂತಿ ತೆಗೆದುಕೊಂಡು ಗಾಡಿಗೆ ಹಚ್ಚುತ್ತಾನೆ. ಎಲ್ಲರಂತೆ ಬಾನೆಟ್ಟಿಗಲ್ಲ, ಸ್ಟೀರಿಂಗಿನ ಚಕ್ರ ತನ್ನ ಕಂಬಕ್ಕೆ ಕೂಡಿಕೊಳ್ಳುವ ಆ ಸಂದಿಗೆ, ಚಕ್ರದ ಹಿಂಬದಿಯಿಂದ ಕೈತೂರಿಸಿ. ಕೇಳಿದವರಿಗೂ ಕೇಳದವರಿಗೂ ಅದರ ಸಿದ್ಧಾಂತವನ್ನೂ ಬೋಧಿಸುತ್ತಾನೆ: "ಬಾನೆಟ್ಟು ಹೊಟ್ಟೆ ಕಣ್ರಿ. ಮನುಷ್ಯನ ಬುದ್ಧಿ ಗಾಡಿ ಒಳಕ್ಕೆ ಇಳಿಯೋದು ಇಲ್ಲಿಂದ. ಇದು ಕೊರಳು. ದಿನಾ ಬೆಳಿಗ್ಗೆ ಕೀಲಿ ಹಾಕೋಕೆ ಮುಂಚೆ ಇಲ್ಲಿ ಹಚ್ರಿ, ಗಾಡಿ ನಿಮ್ಮ ಮಾತು ಮೀರಲ್ಲ." ಜೀಪು ಲಾರಿಗಳ ಕಾಲದಲ್ಲಿ ಕೈ ಪಳಗಿಸಿಕೊಂಡವನು ಅವನು, ಆಗ ಸ್ಟೀರಿಂಗಿನ ಕಂಬವೆಂದರೆ ಬರೀ ಕಬ್ಬಿಣದ ಕೊಳವೆ, ಅದಕ್ಕೆ ವಿಭೂತಿಯಾದರೇನು ಮಣ್ಣಾದರೇನು. ಜನ ಹೂಂಗುಟ್ಟಿ ಮನೆಗೆ ಹೋಗಿ ಮರುದಿನವೇ ಮರೆಯುತ್ತಿದ್ದರು.

ಮರೆಯದವಳೆಂದರೆ ಹಿರೇಗುಂಟನೂರಿನ ಶಿವಗಂಗಾ. ಅಪ್ಪನ ಟ್ರ್ಯಾಕ್ಟರಿನ ಮೇಲೆ ಓಡಿಸುವುದನ್ನು ಕಲಿತು, ವರ್ಷಗಟ್ಟಲೆ ಪರರ ಹೊಲದಲ್ಲಿ ಕಳೆ ಕಿತ್ತು, ಕೊನೆಗೊಂದು ದಿನ ಏಳು ಸೀಟಿನ ಹಳೆಯ ಕಾರೊಂದನ್ನು ಕೊಂಡವಳು. ಬೆಳಿಗ್ಗೆ ಸಂಜೆ ತನ್ನೂರಿನ ಮಕ್ಕಳನ್ನು ದುರ್ಗದ ಶಾಲೆಗೆ ಕರೆತಂದು ಕರೆದೊಯ್ಯುವುದು, ನಡುವೆ ಆಸ್ಪತ್ರೆಗೋ ಚಿಕ್ಕಜಾಜೂರಿನ ರೈಲಿಗೋ ಹೋಗುವವರಿದ್ದರೆ ಬಿಟ್ಟುಬರುವುದು, ಇದೇ ಅವಳ ಬದುಕು. ಕಾರು ಕೊಳ್ಳುವ ದಿನ ಅದನ್ನು ಪರೀಕ್ಷಿಸಿ, ಕೊಳ್ಳಬಹುದೆಂದು ಹೇಳಿ, ಕೊರಳಿಗೆ ವಿಭೂತಿ ಹಚ್ಚಿ ಕೊಟ್ಟವನು ಚಿತ್ರಲಿಂಗಪ್ಪನೇ. ಅವನ ಮಾತನ್ನು ಅವಳು ಗುರುವಾಕ್ಯವೆಂದೇ ಹಿಡಿದಳು. ಅವಳಿಗೆ ಅವನು ಅಣ್ಣ, ಅವನಿಗೆ ಅವಳು ತಾಯಿ.

ಕೆಲವು ತಿಂಗಳ ಮೇಲೆ, ಚಿಕ್ಕಜಾಜೂರಿಗೆ ಯಾರನ್ನೋ ರೈಲು ಹತ್ತಿಸಲು ಹೋಗುವಾಗ ಅವಳ ಎದುರಿನ ಫಲಕದಲ್ಲಿ ಸ್ಟೀರಿಂಗಿನ ಚಿತ್ರವಿರುವ ಹಳದಿ ದೀಪ ಹತ್ತಿತು. ಹತ್ತಿದ್ದೇ ತಡ, ಹೂವಿನಂತೆ ತಿರುಗುತ್ತಿದ್ದ ಚಕ್ರ ಬಂಡೆಯಾಯಿತು. ನಿಲ್ಲಿಸಿ, ಆರಿಸಿ, ಮತ್ತೆ ಕೀಲಿ ತಿರುಗಿಸಿದರೆ ದೀಪವೂ ಇಲ್ಲ, ಬಿಗುವೂ ಇಲ್ಲ. ಕಾರು ಅಂಗಡಿಗೆ ಬಂತು, ಜೊತೆಗೆ ಮುರುಗೇಶನೂ ಬಂದ. ಅವನ ಇಬ್ಬರು ಹೆಣ್ಣುಮಕ್ಕಳು ಆ ಕಾರಿನಲ್ಲೇ ಶಾಲೆಗೆ ಹೋಗುತ್ತಿದ್ದುದರಿಂದ ಊರಿನ ತಂದೆತಾಯಿಗಳ ಪರವಾಗಿ ಅವನು ಬಂದಿದ್ದ. ಚಿತ್ರಲಿಂಗಪ್ಪ ತನ್ನ ಸ್ಕ್ಯಾನರನ್ನು, ಅವನ ಭಾಷೆಯಲ್ಲಿ 'ಸಾಕ್ಷಿ'ಯನ್ನು, ಕಾರಿಗೆ ಸಿಕ್ಕಿಸಿದ. ಸ್ಟೀರಿಂಗಿನ ಸೆನ್ಸಾರು ತಪ್ಪು ಲೆಕ್ಕ ಕೊಡುತ್ತಿದೆ ಎಂದು ಸಾಕ್ಷಿ ನುಡಿಯಿತು.

ಈ ಸೆನ್ಸಾರೆಂಬುದು ಚಕ್ರದ ಹಿಂದೆ ಕಂಬವನ್ನು ಸುತ್ತಿಕೊಂಡು ಕೂತಿರುವ ಒಂದು ದಪ್ಪ ಬಳೆ. ಅದರೊಳಗೆ ಸೀಳುಗಳಿರುವ ತೆಳು ಬಿಲ್ಲೆ. ಸೀಳುಗಳ ಮೂಲಕ ಹಾಯುವ ಸಣ್ಣ ಬೆಳಕನ್ನು ಎಣಿಸಿ, ಚಕ್ರ ಯಾವ ಕಡೆಗೆ ಎಷ್ಟು ತಿರುಗಿತೆಂದು ಅದು ಕಾರಿನ ಮಿದುಳಿಗೆ ವರದಿ ಮಾಡುತ್ತದೆ. ವರದಿ ಅಡ್ಡಾದಿಡ್ಡಿಯಾದರೆ ಮಿದುಳು ಹೆದರಿ, ಚಕ್ರ ತಿರುಗಿಸಲು ಮೋಟಾರು ಕೊಡುವ ಸಹಾಯವನ್ನೇ ನಿಲ್ಲಿಸಿಬಿಡುತ್ತದೆ. ಇದನ್ನೆಲ್ಲ ನಮಗೆ ವಿವರಿಸಿ, ಚಿತ್ರಲಿಂಗಪ್ಪ ಹೊಸ ಸೆನ್ಸಾರು ತರಿಸಿ ಕೂರಿಸಿದ. ಹಳೆಯದನ್ನು ಬಿಚ್ಚಿ ನೋಡುವ ಗೋಜಿಗೆ ಹೋಗದೆ ಗುಜರಿಯ ಬುಟ್ಟಿಗೆ ಎಸೆದ. ಎಂದಿಗಿಂತ ಧಾರಾಳವಾಗಿ ವಿಭೂತಿ ಹಚ್ಚಿ, ಮುರುಗೇಶನ ಕಡೆ ತಿರುಗಿ, "ಇನ್ಮೇಲೆ ಇದಕ್ಕೆ ನಾನು ಜವಾಬ್ದಾರಿ. ಮತ್ತೆ ಏನಾದ್ರೂ ಆದ್ರೆ ಅದು ಗಾಡೀದಲ್ಲ, ತಿಳ್ಕಳ್ರಿ" ಎಂದ. ಆ ಮಾತು ಅವನಿಗೆ ಬಹಳ ಹಿಡಿಸಿದಂತಿತ್ತು, ಇನ್ನೊಮ್ಮೆಯೂ ಹೇಳಿದ.

ಆಯಿತಲ್ಲ ಮತ್ತೆ! ಮಳೆ ಕಳೆದು ರಾಗಿ ಕೊಯ್ಲಾದ ದಿನಗಳಲ್ಲಿ, ಹಿರೇಗುಂಟನೂರಿನಿಂದ ಹೊರಬೀಳುವ ತಿರುವಿನಲ್ಲಿ, ಕಾರಿನ ತುಂಬ ಮಕ್ಕಳಿದ್ದಾಗಲೇ ಚಕ್ರ ಬಿಗಿಯಿತು. ಶಿವಗಂಗಾ ಇದ್ದ ಬಲವನ್ನೆಲ್ಲ ಹಾಕಿ ಎಳೆದರೂ ಅದು ಅರ್ಧವೇ ತಿರುಗಿತು. ಕಾರು ಬದು ಇಳಿದು ಕೂಳೆ ಹೊಲದಲ್ಲಿ ಹೋಗಿ ನಿಂತಿತು. ಪುಣ್ಯಕ್ಕೆ ಯಾವ ಮಗುವಿಗೂ ಕೂದಲು ಕೊಂಕಲಿಲ್ಲ. ಆದರೆ ಜನ ಓಡಿಬಂದು ಕೀಲಿ ತಿರುಗಿಸಿ ನೋಡುವಾಗ ದೀಪ ಆರಿತ್ತು, ಚಕ್ರ ಎಳೆಗರುವಿನಂತೆ ಹೇಳಿದ ಹಾಗೆ ಕೇಳುತ್ತಿತ್ತು. ಪೇಟೆಯ ದೊಡ್ಡ ವರ್ಕ್‌ಶಾಪಿನವರೂ ಓಡಿಸಿ ನೋಡಿ, ಈಗೇನೂ ತೊಂದರೆ ಕಾಣುತ್ತಿಲ್ಲವೆಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ಊರಲ್ಲಿ ಆ ಸಂಜೆಯೇ ಹುಟ್ಟಿಕೊಂಡಿತು. ಮುರುಗೇಶ ಕೆಟ್ಟವನಲ್ಲ, ಆದರೆ ಅವನ ವಾದಕ್ಕೆ ಎದುರಿರಲಿಲ್ಲ. "ಚಿತ್ರಲಿಂಗಪ್ಪನಂಥೋನು ಸರಿ ಮಾಡಿ ಕೊಟ್ಟ ಮ್ಯಾಲೂ ಹಿಂಗಾತು ಅಂದ್ರೆ, ತಪ್ಪು ಗಾಡೀದಲ್ಲ, ಓಡ್ಸೋ ಕೈಯ್ದು." ಭಾನುವಾರ ಊರ ಕಟ್ಟೆಯ ಹತ್ತಿರ ಸೇರಿ ಇನ್ನೊಂದು ಗಾಡಿ ಗೊತ್ತುಮಾಡುವುದೆಂದು ತೀರ್ಮಾನವಾಯಿತು. ಹಾಗಾದರೆ ಶಿವಗಂಗಾ ಕಾರು ಮಾರಬೇಕು, ಮತ್ತೆ ಪರರ ಹೊಲಕ್ಕೆ ಬಗ್ಗಬೇಕು. ಅದಕ್ಕಿಂತ ಹೆಚ್ಚಾಗಿ, ಮಕ್ಕಳನ್ನು ಹೊಲಕ್ಕೆ ಇಳಿಸಿದವಳೆಂಬ ಹೆಸರು ಹೊತ್ತು ಅದೇ ಊರಲ್ಲಿ ಬಾಳಬೇಕು.

ಅವಳು ಅಂಗಡಿಗೆ ಬಂದಾಗ ನಾನಲ್ಲಿದ್ದೆ. ಕಲ್ಲುಬೆಂಚಿನ ಮೇಲೆ ಕೂರಲಿಲ್ಲ. ನಿಂತೇ ಹೇಳಿದಳು: "ಅಣ್ಣ, ಗಾಡಿ ಚೆನ್ನಾಗೈತೆ ಅಂತ ಎಲ್ರೂ ಅಂತಾರೆ. ನನ್ನ ಕೈನೇ ಕೆಟ್ಟಿರ್ಬೇಕು. ನಾನೇ ಸರಿಯಾಗಿ ತಿರುಗಿಸ್ಲಿಲ್ವೇನೋ. ನಿಜ ಹೇಳ್ಬಿಡು, ಮಾರ್ಬಿಡ್ತೀನಿ." ಆ ಕೈಗಳನ್ನು ಅವಳು ನಮ್ಮ ಮುಂದೆ ಚಾಚಿ ಹಿಡಿದಿದ್ದಳು, ಅವು ಬೇರೆ ಯಾರದೋ ಎಂಬ ಹಾಗೆ.

ಅಂದು ಚಿತ್ರಲಿಂಗಪ್ಪ ವಿಚಾರಣೆ ನಡೆಸಲಿಲ್ಲ. ಒಂದೂ ಪ್ರಶ್ನೆ ಕೇಳದೆ, "ಕೈ ಕೆಟ್ಟೋರು ಮಕ್ಳನ್ನ ಕೂಳೆ ಹೊಲಕ್ಕೆ ಇಳ್ಸಲ್ಲ ತಾಯಿ, ಆ ತಿರುವಿನಾಗಿರೋ ಹುಣಸೆ ಮರಕ್ಕೆ ಹೊಡೀತಾರೆ" ಎಂದ. ಆಮೇಲೆ, "ಶನಿವಾರ ಗಾಡಿ ತಗಂಬಾ. ಅದು ನಿಂತಾಗ ಬಾಯಿ ಬಿಡಲ್ಲ, ಓಡುವಾಗ ಬಿಡಿಸ್ಬೇಕು. ಅದು ಹೇಳೋ ತನ್ಕ ಓಡ್ಸಾಣ. ಮೇಷ್ಟ್ರೇ, ನೀವೂ ಬರ್ರಿ, ಮನೇಲಿ ಕುಂತು ಏನ್ ಕಡಿದು ಕಟ್ಟೆ ಹಾಕ್ಬೇಕು" ಎಂದ. ಅವನಿಗೆ ಪ್ರೇಕ್ಷಕರು ಬೇಕಲ್ಲ.

ಶನಿವಾರ ಬೆಳಿಗ್ಗೆ ಹೊರಟೆವು. ಶಿವಗಂಗಾ ಚಕ್ರದ ಮುಂದೆ, ಅವಳ ಪಕ್ಕದಲ್ಲಿ ತೊಡೆಯ ಮೇಲೆ ಸ್ಕ್ಯಾನರಿಟ್ಟುಕೊಂಡು ಕೋಟಿನ ಚಿತ್ರಲಿಂಗಪ್ಪ, ಹಿಂದೆ ಬೋರಕ್ಕ ಕಟ್ಟಿಕೊಟ್ಟ ಬುತ್ತಿಯ ಪಕ್ಕದಲ್ಲಿ ನಾನು. ಕೀಲಿ ತಿರುಗಿಸುವ ಮುಂಚೆ ಅವಳು ಕಣ್ಣುಮುಚ್ಚಿ, ಮೂರು ಬೆರಳಲ್ಲಿ ವಿಭೂತಿ ಹಿಡಿದು ಸ್ಟೀರಿಂಗಿನ ಹಿಂದೆ ಕೈತೂರಿಸಿ ಕೊರಳಿಗೆ ಹಚ್ಚಿದಳು. ಚಿತ್ರಲಿಂಗಪ್ಪ ಮೆಚ್ಚಿ ತಲೆದೂಗಿ, ಇಂದು ಕಷ್ಟದ ದಿನವೆಂದು ತನ್ನ ಡಬ್ಬಿಯಿಂದ ಇನ್ನಷ್ಟು ಹಚ್ಚಿದ. ಹೊಳಲ್ಕೆರೆ ದಾಟಿತು, ಏನೂ ಇಲ್ಲ. ಹೊಸದುರ್ಗದಲ್ಲಿ ಇಡ್ಲಿ ತಿಂದೆವು, ಏನೂ ಇಲ್ಲ. ಕೆಟ್ಟ ರಸ್ತೆ ಕಂಡಲ್ಲೆಲ್ಲ ಅವನು ಅದಕ್ಕೇ ಇಳಿಸಲು ಹೇಳಿದ. ಹೊಂಡಗಳನ್ನು ಹುಡುಕಿಕೊಂಡು ಹೋಗುವ ಪ್ರಯಾಣವನ್ನು ನಾನು ಅಂದೇ ಮೊದಲು ಮಾಡಿದ್ದು. ನನ್ನ ಬೆನ್ನುಮೂಳೆಯ ಅಹವಾಲನ್ನು ಕೇಳುವವರು ಯಾರೂ ಇರಲಿಲ್ಲ. ಶಿವಗಂಗಾ ಚಕ್ರವನ್ನು ಹಿಡಿದ ಬಿಗಿಗೆ ಅವಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಬಿಸಿಲು ಓರೆಯಾದ ಮೇಲೆ, ಮಾರಿಕಣಿವೆಯ ಅಣೆಕಟ್ಟು ಇನ್ನೇನು ಕಾಣಬೇಕು ಎನ್ನುವ ತಿರುವುಗಳಲ್ಲಿ ಹಳದಿ ದೀಪ ಹತ್ತಿತು. "ಬಂತಣ್ಣ" ಎಂದಳು ಶಿವಗಂಗಾ, ಬಹಳ ಸಣ್ಣ ದನಿಯಲ್ಲಿ. ಭುಜದಿಂದ ಬಲ ಹಾಕಿ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು. ಚಿತ್ರಲಿಂಗಪ್ಪನ ಮುಖ ಅರಳಿತು. "ಆರಿಸ್ಬ್ಯಾಡ, ಆರಿಸ್ಬ್ಯಾಡ. ಈಗ ಹೇಳ್ತೈತೆ." ಸ್ಕ್ಯಾನರಿನ ತೆರೆಯ ಮೇಲೆ ನಮಗೂ ಕಾಣುತ್ತಿತ್ತು: ಚಕ್ರ ನೆಟ್ಟಗಿದೆ, ಆದರೆ ಸೆನ್ಸಾರು ಅದು ಎಡಕ್ಕೆ ತಿರುಗಿದೆಯೆನ್ನುತ್ತಿದೆ, ಮರುಗಳಿಗೆಗೆ ಬಲಕ್ಕೆ ಎನ್ನುತ್ತಿದೆ. ಅವಳ ಕೈ ಅಲುಗದೆ ಇದ್ದಾಗಲೇ ಅಂಕಿಗಳು ಹುಚ್ಚೆದ್ದು ಕುಣಿಯುತ್ತಿದ್ದವು. "ನೋಡು ತಾಯಿ, ಕಣ್ಣಾರೆ ನೋಡ್ಕ. ನಿನ್ನ ಕೈ ಅಲ್ಲ" ಎಂದ. ಅವಳು ಚಕ್ರದ ಮೇಲೆ ಹಣೆಯಿಟ್ಟು ಅತ್ತಳು.

ಅಷ್ಟಕ್ಕೇ ನಿಂತಿದ್ದರೆ ಅವನ ಜಂಬಕ್ಕೆ ಇನ್ನೊಂದು ಗರಿ ಮೂಡುತ್ತಿತ್ತು. ಆದರೆ ಸಾಕ್ಷಿ ಹೇಳಿದ್ದು ಅರ್ಧ; ಹೊಸ ಸೆನ್ಸಾರು ಇಷ್ಟು ಬೇಗ ಹಾದಿ ತಪ್ಪಿದ್ದೇಕೆಂದು ಅದು ಹೇಳಿರಲಿಲ್ಲ. ಅವನು ಬಗ್ಗಿ, ಪಕ್ಕದಿಂದಲೇ ಕೈಹಾಕಿ, ಚಕ್ರವನ್ನು ಬಲವಾಗಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿದ. ಕಿಟಕಿಯಿಂದ ಬಿಸಿಲು ನೇರ ಸ್ಟೀರಿಂಗಿನ ಹಿಂದಕ್ಕೇ ಬೀಳುತ್ತಿತ್ತು. ಆ ಬಿಸಿಲಿನಲ್ಲಿ, ಚಕ್ರ ತಿರುಗಿದಂತೆಲ್ಲ, ಕೊರಳಿನ ಸಂದಿಯಿಂದ ನವಿರಾದ ಬಿಳಿಯ ಧೂಳು ಉದುರಿ ಅವಳ ಸೆರಗಿನ ಮೇಲೆ ಕೂತಿತು. ಚಿತ್ರಲಿಂಗಪ್ಪ ಅದನ್ನು ಬೆರಳಿಗೆ ತಗುಲಿಸಿಕೊಂಡ. ಮೂಸಿದ. ಬೆಳಿಗ್ಗೆ ವಿಭೂತಿ ಹಚ್ಚಿದ್ದ ತನ್ನ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಬಾಗಿಲು ತೆಗೆದು ಇಳಿದು, ಕಾರಿಗೆ ಬೆನ್ನು ಮಾಡಿ, ದೂರದ ಹಿನ್ನೀರಿನ ಕಡೆ ಮುಖ ಹಾಕಿ ನಿಂತ.

ತಿರುಗಿ ಬಂದವನು ಮೊದಲು ಬ್ಯಾಟರಿಯ ತಂತಿ ಕಳಚಿದ. ಚಕ್ರದ ನಡುವೆ ಅಡಗಿರುವ ಏರ್‌ಬ್ಯಾಗು ಸಿಡಿಯದಿರಲಿ ಎಂದು ಸಾಕಷ್ಟು ಕಾದು, ಒಂದೊಂದಾಗಿ ಬಿಚ್ಚಿ, ಸೆನ್ಸಾರಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದ. ಬೆಳಕು ಹಾಯಬೇಕಾದ ಸೀಳುಗಳಲ್ಲಿ ವಿಭೂತಿ ಕೂತಿತ್ತು. ತಾನು ಹಚ್ಚಿದ್ದು, ತನ್ನ ಮಾತು ನಂಬಿ ಅವಳು ಪ್ರತಿದಿನ ಭಕ್ತಿಯಿಂದ ಹಚ್ಚಿದ್ದು, ಹೊಂಡ ತಿರುವುಗಳಲ್ಲಿ ಜಾರಿ ಜಾರಿ ಒಳಸೇರಿದ್ದು. ಹಳೆಯ ಸೆನ್ಸಾರಿನ ಕತೆಯೂ ಅದೇ ಆಗಿರಬೇಕು. "ಕಂಕುಳಾಗೆ ಕೂಸು ಇಟ್ಕಂಡು ಊರೆಲ್ಲ ಹುಡುಕಿದಂಗಾತು ಮೇಷ್ಟ್ರೇ" ಎಂದ. ನಾನು ನಗಲೋ ಬೇಡವೋ ಎಂದು ಅವನ ಮುಖ ನೋಡಿದೆ, ಅವನು ನಗುತ್ತಿರಲಿಲ್ಲ.

ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಊದಿ, ಮತ್ತೆ ಕೂರಿಸಿ, ಚಕ್ರವನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಕೊನೆಗೆ ನಡುವಿಗೆ ತಿರುಗಿಸಿ ಸೆನ್ಸಾರಿಗೆ ಲೆಕ್ಕವನ್ನು ಹೊಸದಾಗಿ ಕಲಿಸಿದ. ಅಂಕಿ ಸೊನ್ನೆಗೆ ಬಂದು ಕದಲದೆ ನಿಂತಿತು. ಅವನ ಕೈ ಅಭ್ಯಾಸಬಲದಿಂದ ಬಗಲ ಜೇಬಿಗೆ ಹೋಯಿತು. ಡಬ್ಬಿ ತೆಗೆದವನು ಒಂದು ಗಳಿಗೆ ತಡೆದು, ಅದನ್ನು ಶಿವಗಂಗಾಳ ಕೈಗೆ ಕೊಟ್ಟು, "ಹಣೆಗೆ ಹಚ್ಕ ತಾಯಿ. ಗಾಡಿಗೆ ಇಲ್ಲಿಗೆ ಸಾಕು" ಎಂದ.

ಹಿರಿಯೂರಿನಲ್ಲಿ ಚಹಾಕ್ಕೆ ನಿಂತೆವು. ಅವಳು ಕಾರಿನಲ್ಲೇ ಕೂತಿದ್ದಳು, ಚಕ್ರವನ್ನು ಸುಮ್ಮನೆ ಅಲ್ಲಾಡಿಸಿ ನೋಡುತ್ತ. ನಾನು ಬುದ್ಧಿವಂತಿಕೆಯ ಮಾತೊಂದನ್ನು ಆಡಿದೆ: ಸೆನ್ಸಾರು ಮತ್ತೆ ಕೆಟ್ಟಿತ್ತು, ಸರಿಮಾಡಿದೆ ಎಂದರೆ ಮುಗಿಯಿತಲ್ಲ, ಅವಳ ಮೇಲಿನ ಅಪವಾದವೂ ಹೋಗುತ್ತದೆ, ನಿನ್ನ ಹೆಸರೂ ಉಳಿಯುತ್ತದೆ. ಅವನು ಲೋಟ ಕೆಳಗಿಟ್ಟ. "ಅವ್ರು ಆ ಹುಡುಗಿ ತಲೆಗೆ ತಪ್ಪು ಕಟ್ಟಿರೋದು ಯಾತರ ಮ್ಯಾಲೆ? ಚಿತ್ರಲಿಂಗಪ್ಪ ತಪ್ಪು ಮಾಡಲ್ಲ ಅನ್ನೋದ್ರ ಮ್ಯಾಲೆ. ಅದನ್ನ ಮುರೀದೆ ಇದನ್ನ ಹೆಂಗೆ ಬಿಡಿಸ್ಲಿ?" ಎಂದ. ನಾನು ಆರಿದ ಚಹಾ ಕುಡಿದು ದುಡ್ಡು ಕೊಡಲು ಎದ್ದೆ.

ಊರು ಮುಟ್ಟಿದ ಮೇಲೆ ಅವನು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಹೆಸರಿರುವ ಗಿರಾಕಿಗಳಿಗೆಲ್ಲ ಕರೆಮಾಡತೊಡಗಿದ. "ನಾನು ಹೇಳಿದ್ನಲ್ಲ ಕೊರಳು, ಅದಕ್ಕೆ ಏನೂ ಹಚ್ಬ್ಯಾಡ್ರಿ. ನಂದೇ ತಪ್ಪು. ಹೂಂ, ನಂದೇ." ಅನೇಕರಿಗೆ ಯಾವ ಕೊರಳೆಂದೇ ನೆನಪಿರಲಿಲ್ಲ, ಅವರಿಗೂ ಪೂರ್ತಿ ವಿವರಿಸಿದ. ಬೋರಕ್ಕ ಬಾಗಿಲಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದವಳು ನನ್ನತ್ತ ತಿರುಗಿ, "ಮದುವೆ ಆದಾಗಿನಿಂದ ಈ ಮಾತು ಕೇಳ್ಬೇಕು ಅಂತಿದ್ದೆ. ಊರವ್ರಿಗೆಲ್ಲ ಹೇಳ್ತಾನೆ, ನನಗೊಂದು ಸಲ ಹೇಳ್ಲಿಲ್ಲ" ಎಂದಳು. ಅವನು ಫೋನಿಗೆ ಕೈ ಅಡ್ಡ ಹಿಡಿದು, "ನಿನ್ನ ಸರದಿ ಕೊನೇಗೈತೆ ತಡಿ" ಎಂದ.

ಭಾನುವಾರ ಹಿರೇಗುಂಟನೂರಿಗೆ ಅವನನ್ನು ಯಾರೂ ಕರೆದಿರಲಿಲ್ಲ. ಶಿವಗಂಗಾ ಕಾರು ತಂದು ಕರೆದೊಯ್ಯುತ್ತೇನೆಂದರೆ ಬೇಡವೆಂದ. ಅವಳ ಗಾಡಿಯಿಂದ ಇಳಿದರೆ ಅವಳೇ ಹೇಳಿಕೊಟ್ಟು ಕರೆತಂದಳೆನ್ನುತ್ತಾರಂತೆ. ನಾವಿಬ್ಬರೂ ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು. ಕಟ್ಟೆಯ ಹತ್ತಿರ ತಂದೆತಾಯಿಗಳೆಲ್ಲ ಸೇರಿದ್ದರು. ಶಿವಗಂಗಾ ಒಂದು ಬದಿಯಲ್ಲಿ, ಸೆರಗು ಬಿಗಿಹಿಡಿದು, ತನ್ನ ಕಾರಿನ ಪಕ್ಕ ನಿಂತಿದ್ದಳು. ಚಿತ್ರಲಿಂಗಪ್ಪ ಪೀಠಿಕೆ ಹಾಕಲಿಲ್ಲ. "ಮಕ್ಳಿದ್ದ ಗಾಡಿ ಬದು ಇಳಿದಿದ್ದು ನನ್ನಿಂದ. ಈ ಹುಡುಗಿ ಕೈಯಿಂದ ಅಲ್ಲ" ಎಂದು ಶುರುಮಾಡಿ, ಸೆನ್ಸಾರು, ಸೀಳು, ಬೆಳಕು, ವಿಭೂತಿ, ತಾನು ಕಲಿಸಿದ ಪಾಠ, ಎಲ್ಲವನ್ನೂ ಹೇಳಿದ. ಹಳೆಯ ಸೆನ್ಸಾರನ್ನು ಬಿಚ್ಚಿ ನೋಡದೆ ಎಸೆದದ್ದನ್ನೂ ಬಿಡಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು, ಮಾತು ನಿಲ್ಲಲಿಲ್ಲ.

ಮುರುಗೇಶ ಪೂರ್ತಿ ಕೇಳಿ, ಗಂಭೀರವಾಗಿಯೇ ಕೇಳಿದ: "ಅವತ್ತ್ ಸರಿಹೋತು ಅಂದೋರು ನೀವೇ. ಇವತ್ತೂ ನೀವೇ ಅಂತೀರಿ. ನಾವು ಯಾವ್ದು ನಂಬಾಣ?" ನ್ಯಾಯವಾದ ಪ್ರಶ್ನೆ. ಚಿತ್ರಲಿಂಗಪ್ಪ ಕೋಟಿನ ಅಂಚು ಎಳೆದುಕೊಳ್ಳಲು ಹೋದ ಕೈಯನ್ನು ಕೆಳಗಿಳಿಸಿದ. ಆಮೇಲೆ ನಿಧಾನವಾಗಿ, "ಅವತ್ತು ಹೇಳಿದ್ದು ನನಗೆ ಹೆಸ್ರು ತರೋ ಮಾತು ಮುರುಗೇಶಪ್ಪ. ಇವತ್ತು ಹೇಳಿದ್ದು ಇದ್ದ ಹೆಸ್ರು ಕಳೆಯೋ ಮಾತು. ಸುಳ್ಳು ಹೇಳೋನು ಯಾವ್ದನ್ನ ಹೇಳ್ತಾನೆ, ನೀವೇ ನೋಡ್ರಿ" ಎಂದ. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ್ದಳು.

ಮುರುಗೇಶ ಕಾರಿನ ಹತ್ತಿರ ಹೋಗಿ, ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿ ಕೂತ. "ಅದೇ ತಿರುವಿಗೆ ಹೋಗಾಣ ನಡಿಯಮ್ಮ" ಎಂದ. ಶಿವಗಂಗಾ ಚಕ್ರ ಹಿಡಿದಳು. ಕಾರು ಧೂಳೆಬ್ಬಿಸಿಕೊಂಡು ಮರೆಯಾಯಿತು. ನಾವೆಲ್ಲ ರಸ್ತೆಯನ್ನೇ ನೋಡುತ್ತ ನಿಂತೆವು. ಚಿತ್ರಲಿಂಗಪ್ಪ ಬಲಗಿವಿಯನ್ನು ಆ ಕಡೆಗೆ ಕೊಟ್ಟು ಕಣ್ಣುಮುಚ್ಚಿದ್ದ. ತಿರುವನ್ನು ಹಾದು, ಹೊಂಡ ಬಿದ್ದ ಕೆರೆಯ ಏರಿಯ ಮೇಲೆ ಹೋಗಿ, ಮತ್ತೆ ಅದೇ ತಿರುವಿನಲ್ಲಿ ಹಿಂದಿರುಗಿ ಬರುವಷ್ಟರಲ್ಲಿ ಬಹಳ ಹೊತ್ತೇ ಆದಂತಿತ್ತು. ಮುರುಗೇಶ ಇಳಿದ. ಜನರ ಕಡೆ ನೋಡದೆ ಅವಳ ಕಿಟಕಿಗೆ ಬಗ್ಗಿ, "ನಾಳೆ ಹೊತ್ತಿಗೆ ಸರಿಯಾಗಿ ಬಾರಮ್ಮ. ಸಣ್ಣೋಳಿಗೆ ಪರೀಕ್ಷೆ ಐತೆ" ಎಂದ. ಶಿವಗಂಗಾ ಎರಡು ಕೈಗಳನ್ನೂ ಚಕ್ರದಿಂದ ತೆಗೆದು, ಅಂಗೈ ತಿರುಗಿಸಿ ಒಮ್ಮೆ ನೋಡಿಕೊಂಡು, ಮತ್ತೆ ಅಲ್ಲೇ ಇಟ್ಟಳು, ಈ ಸಲ ಸಡಿಲವಾಗಿ. ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಜಂಬವನ್ನು ದುರ್ಗುಣವೆಂದೇ ಎಣಿಸಿ ಬೆಳೆದವರು ನಾವು. ವಿನಯವಂತರನ್ನು ಕಂಡರೆ ನಮಗೆ ಎಲ್ಲಿಲ್ಲದ ಪ್ರೀತಿ. ಆದರೆ ವಿನಯವಂತರಲ್ಲಿ ಎಷ್ಟೋ ಮಂದಿ ತಮ್ಮ ಕೆಲಸಕ್ಕೆ ತಮ್ಮ ಹೆಸರನ್ನೇ ಪಣವಾಗಿ ಒಡ್ಡಿರುವುದಿಲ್ಲ; ಕೆಟ್ಟರೆ ಅವರದೇನೂ ಹೋಗುವುದಿಲ್ಲ. ಚಿತ್ರಲಿಂಗಪ್ಪನಂಥ ಕಸುಬುದಾರರು ಬೇರೆ. ಬಾಯಿ ದೊಡ್ಡದು, ಪ್ರತಾಪ ದೊಡ್ಡದು, ಮಾಡಿದ್ದನ್ನೆಲ್ಲ ಮೆರೆಸುವ ಚಪಲ ದೊಡ್ಡದು. ಆದ್ದರಿಂದಲೇ ಅವರು ತಪ್ಪಿದಾಗ ಆ ತಪ್ಪೂ ಚಾವಡಿಯ ನಡುವೆಯೇ ನಿಂತಿರುತ್ತದೆ, ಅದನ್ನು ಮೂಲೆಗೆ ತಳ್ಳಿ ಮುಚ್ಚುವುದು ಅವರಿಂದಾಗದು. ತಪ್ಪೇ ಮಾಡದ ಮೆಕಾನಿಕ್ಕನನ್ನು ನಾನು ಕಂಡಿಲ್ಲ, ಕಾಣಬೇಕೆಂಬ ಆಸೆಯೂ ಇಲ್ಲ. ಇನ್ನೊಬ್ಬರ ತಲೆಯ ಮೇಲೆ ಕೂತಿರುವ ತಪ್ಪು ತನ್ನದೆಂದು ತಿಳಿದ ಮರುದಿನವೇ, ಯಾರೂ ಕರೆಯದಿದ್ದರೂ ಬಸ್ಸು ಹತ್ತಿ ಹೋಗಿ ಅದನ್ನು ತನ್ನ ತಲೆಗೆ ಇಳಿಸಿಕೊಂಡು ಬರುವವನೊಬ್ಬ ಊರಲ್ಲಿದ್ದರೆ ಸಾಕು. ಆ ಊರಿನ ತಾಯಂದಿರು ಮಕ್ಕಳನ್ನು ಗಾಡಿಗೆ ಹತ್ತಿಸಿ, ನಿಶ್ಚಿಂತೆಯಿಂದ ಒಳಗೆ ಹೋಗಿ ಒಲೆ ಹಚ್ಚಬಹುದು.